ಕ್ಯಾಸಲ್‌ರಾಕ್‌ನಲ್ಲಿ ಜಾಗ ತಗೋಬೇಕಾ? ಮೊದಲು ಮಳೆ ಲೆಕ್ಕ, ಆಮೇಲೆ ಗುಂಟೆ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ಮನೆ ವಿಷಯ.

ಮೊದಲು ಒಂದು ಸಣ್ಣ ಕೆಲಸ ಮಾಡಿ. ಫೋನಲ್ಲಿ ‘ಕ್ಯಾಸಲ್ ರಾಕ್ ಹೌಸ್ ಫಾರ್ ಸೇಲ್’ ಅಂತ ಇಂಗ್ಲಿಷ್‌ನಲ್ಲಿ ಹುಡುಕಿ. ಸಾಲಾಗಿ ಬರೋ ಮನೆಗಳು ನಮ್ಮ ಜೋಯಿಡಾ ತಾಲೂಕಿನವಲ್ಲ. ಅವು ಅಮೆರಿಕದ ಕೊಲರಾಡೊ ರಾಜ್ಯದಲ್ಲಿ, ಡೆನ್ವರ್ ನಗರದ ದಕ್ಷಿಣಕ್ಕಿರೋ ಅದೇ ಹೆಸರಿನ ಪಟ್ಟಣದವು. ಅಲ್ಲಿನ ಕೆಲವು ಸೈಟುಗಳಲ್ಲಿ ಮನೆಯ ಬೆಲೆ, ಬೆಡ್‌ರೂಮ್ ಎಷ್ಟು ಅನ್ನೋದರ ಜೊತೆಗೆ ಇನ್ನೊಂದು ಅಂಕಣ ಇರುತ್ತೆ. ಈ ಮನೆಗೆ ನೆರೆ ಬರುವ ಸಂಭವ ಎಷ್ಟು, ಕಾಡ್ಗಿಚ್ಚಿನ ಭಯ ಎಷ್ಟು, ಸೆಕೆ ಎಷ್ಟು ಏರಬಹುದು ಅಂತ ಹತ್ತಕ್ಕೆ ಇಷ್ಟು ಅಂತ ಅಂಕ. ಕೊಲರಾಡೊದಲ್ಲಿ ಇದು ತಮಾಷೆಯ ಮಾತಲ್ಲ. 2021ರ ಡಿಸೆಂಬರ್ 30ರಂದು ಡೆನ್ವರ್ ಹತ್ತಿರದ ಬೌಲ್ಡರ್ ಕೌಂಟಿಯಲ್ಲಿ ಎದ್ದ ಮಾರ್ಷಲ್ ಬೆಂಕಿಗೆ ಒಂದೇ ದಿನದಲ್ಲಿ ಸಾವಿರಕ್ಕೂ ಹೆಚ್ಚು ಮನೆ ಸುಟ್ಟುಹೋದವು. ಅದೂ ಚಳಿಗಾಲದಲ್ಲಿ.

ಇದರಲ್ಲಿ ಒಂದು ಸ್ವಾರಸ್ಯ ಇದೆ. ಜಿಲ್ಲೋ ಅನ್ನೋ ದೊಡ್ಡ ಕಂಪನಿ 2024ರಲ್ಲಿ ಈ ಅಂಕಗಳನ್ನ ತನ್ನ ಸೈಟಿನಲ್ಲಿ ಹಾಕ್ತು, 2025ರ ಕೊನೆಗೆ ತೆಗೆದುಹಾಕ್ತು. ಅಂಕ ಸರಿಯಿಲ್ಲ, ಇದನ್ನ ನೋಡಿ ಗಿರಾಕಿ ಓಡಿಹೋಗ್ತಾರೆ ಅಂತ ಮನೆ ಮಾರೋರ ಕಡೆಯಿಂದ ದೂರು ಬಂದಿತ್ತು. ಅಂಕದ ಲೆಕ್ಕದಲ್ಲಿ ತಪ್ಪಿರಬಹುದು, ಆ ಚರ್ಚೆ ಬೇರೆ. ಆದರೆ ಅಪಾಯದ ವಿಷಯ ಬೆಲೆ ಪಕ್ಕದಲ್ಲಿ ಕಂಡ್ರೆ ಯಾರಿಗೆ ಕಷ್ಟ ಅನ್ನೋದು ಮಾತ್ರ ಗೊತ್ತಾಯ್ತು.

ಈಗ ನಮ್ಮ ಕ್ಯಾಸಲ್‌ರಾಕ್‌ಗೆ ಬರೋಣ. ಇಲ್ಲಿ ಅಂಕ ಕೊಡೋ ಸೈಟೂ ಇಲ್ಲ, ತೆಗೆಯೋ ಸೈಟೂ ಇಲ್ಲ. ‘ಮೋಡ ಮುಟ್ಟೋ ಜಾಗ’ ಅಂತ ರೀಲ್ಸ್ ಇದೆ, ‘ಐದು ಗುಂಟೆ, ಹಳ್ಳದ ವ್ಯೂ’ ಅಂತ ವಾಟ್ಸಾಪ್ ಫಾರ್ವರ್ಡ್ ಇದೆ. ಹಾಗಾಗಿ ಆ ಅಂಕದ ಅಂಕಣವನ್ನ ನಾವೇ ತುಂಬಿಸೋಣ.

ಮಾರೋಕೆ ಜಾಗ ಎಷ್ಟಿದೆ?

ಕ್ಯಾಸಲ್‌ರಾಕ್ ಹುಟ್ಟಿದ್ದೇ ರೈಲಿನಿಂದ. 1880ರ ದಶಕದಲ್ಲಿ ಮುರಗಾಂವ್ ಬಂದರಿನಿಂದ ಘಟ್ಟ ಹತ್ತಿ ಬಂದ ಪೋರ್ಚುಗೀಸರ ಕಡೆಯ ಹಳಿ, ಬ್ರಿಟಿಷ್ ಇಂಡಿಯಾದ ಹಳಿಗೆ ಸೇರಿದ್ದು ಇಲ್ಲಿ. 1961ರಲ್ಲಿ ಗೋವಾ ವಿಮೋಚನೆ ಆಗೋವರೆಗೂ ಇದು ಗಡಿ ಸ್ಟೇಷನ್ನು. ಇಲ್ಲಿಂದ ಕುಳೆಂ ಕಡೆಗೆ ಇಳಿಯೋ ಹಳಿ 37 ಅಡಿಗೆ ಒಂದು ಅಡಿಯ ಇಳಿಜಾರು. ರೈಲಿನ ಲೆಕ್ಕದಲ್ಲಿ ಅದು ಭಯಂಕರ ಇಳಿಜಾರು, ಹಿಂದೊಂದು ಮುಂದೊಂದು ಎಂಜಿನ್ ಹಾಕಿ ಗಾಡಿ ಹತ್ತಿಸ್ತಾರೆ.

ಹೀಗಾಗಿ ಊರಿನ ನಡುಭಾಗ ರೈಲ್ವೆ ಜಾಗ, ಕ್ವಾರ್ಟರ್ಸು. ಅದರಾಚೆ ಕಾಡು. ಉತ್ತರ ಕನ್ನಡ ಜಿಲ್ಲೆಯಲ್ಲಿ ನೂರಕ್ಕೆ ಎಂಬತ್ತರಷ್ಟು ಭೂಮಿ ಅರಣ್ಯ ಇಲಾಖೆ ಲೆಕ್ಕದಲ್ಲಿದೆ, ಜೋಯಿಡಾ ಅದರಲ್ಲೂ ದಟ್ಟ. ಇಡೀ ತಾಲೂಕಿನ ಜನಸಂಖ್ಯೆ ಅರ್ಧ ಲಕ್ಷದ ಆಸುಪಾಸು. 2007ರಲ್ಲಿ ಅಣಶಿ-ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶ ಆಯ್ತು, 2015ರಲ್ಲಿ ಅದಕ್ಕೇ ಕಾಳಿ ಅಂತ ಹೆಸರು ಬಂತು. ಇಷ್ಟೆಲ್ಲ ಕಳೆದು ಉಳಿದ ಮಾಲ್ಕಿ ಜಮೀನು, ಅಂದ್ರೆ ಖಾಸಗಿ ಹೆಸರಲ್ಲಿ ಉತಾರ ಇರೋ ಜಮೀನು, ಬೆರಳೆಣಿಕೆಯದು. ಅದರಲ್ಲೂ ಮನೆ ಕಟ್ಟೋಕೆ ಎನ್‌ಎ ಆಗಿರೋದು ಇನ್ನೂ ಕಡಿಮೆ.

ಕಡಿಮೆ ಇದ್ದಾಗ ಬೆಲೆ ಏರುತ್ತೆ, ಅದು ಗೊತ್ತಿರೋದೇ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ಹೋದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತಾಯ್ತು. ಗಣೇಶಗುಡಿ, ಜೋಯಿಡಾ, ದಾಂಡೇಲಿ ಸುತ್ತ ಹೋಮ್‌ಸ್ಟೇ ಹೆಚ್ಚಿದವು. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು, ಪಕ್ಕದ ಗೋವಾ, ಎಲ್ಲ ಕಡೆಯಿಂದ ವಿಚಾರಣೆ. ಒಂದು ಕಾಲಕ್ಕೆ ‘ಜೋಡಿ ಹಳಿ ಬರುತ್ತೆ, ಆಮೇಲೆ ನೋಡಿ’ ಅನ್ನೋ ಮಾತೂ ಇತ್ತು. ಕ್ಯಾಸಲ್‌ರಾಕ್‌ನಿಂದ ಗೋವಾ ಕಡೆಗಿನ ಆ ಜೋಡಿಹಳಿಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದು ಮಾಡ್ತು.

ಇದೇ ಸೀಮೆಯ ಬೇರೆ ತಾಲೂಕುಗಳ ಕಥೆ ಬೇರೆ. ಹಳಿಯಾಳ ಬಯಲಿನ ಕಡೆ ಮುಖ ಮಾಡಿರೋ ಊರು, ಅಲ್ಲಿ ಮನೆ ಬೆಲೆ ಧಾರವಾಡದ ದಾರಿ ನೋಡುತ್ತೆ. ದಾಂಡೇಲಿ 1950ರ ದಶಕದ ಕೊನೆಯಿಂದ ಪೇಪರ್ ಮಿಲ್ ನಂಬಿ ಬೆಳೆದದ್ದು, ಅಲ್ಲಿ ಬಾಡಿಗೆ ಮಿಲ್ಲಿನ ಸೈರನ್ ಜೊತೆ ಏರಿಳಿಯುತ್ತಿತ್ತು, ಈಗ ಪ್ರವಾಸಿಗರ ಜೊತೆ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ವಸತಿ ಇದೆ, ಆ ಜಾಗ ಮಾರುಕಟ್ಟೆಗೇ ಬರಲ್ಲ. ನಾವು ಘಟ್ಟದ ಅಂಚಿಗೇ ನಿಲ್ಲೋಣ.

ಮಳೆ ಅಂದ್ರೆ ಎಷ್ಟು ಮಳೆ?

ಹವಾಮಾನ ಇಲಾಖೆಯ ಮಳೆಗಾಲದ ದಿನದ ವರದಿ ಓದೋರಿಗೆ ಕ್ಯಾಸಲ್‌ರಾಕ್ ಹೆಸರು ಪರಿಚಿತ. ಆಗುಂಬೆ, ಕೊಟ್ಟಿಗೆಹಾರ, ಲೋಂಡಾ ಜೊತೆ ಮೇಲಿನ ಸಾಲಲ್ಲಿ ಇರುತ್ತೆ. ಒಳ್ಳೆ ಮಳೆಗಾಲದಲ್ಲಿ ಇಲ್ಲಿ 5,000 ಮಿ.ಮೀ. ದಾಟೋದು ಹೊಸದಲ್ಲ. ಬೆಂಗಳೂರಿಗೆ ವರ್ಷಕ್ಕೆ ಬೀಳೋದು ಸಾವಿರದ ಹತ್ತಿರ. ಹಳಿಯಾಳಕ್ಕೂ ಸಾವಿರದ ಚಿಲ್ಲರೆ. ಒಂದೇ ಜಿಲ್ಲೆ, ಎರಡು ಗಂಟೆ ದಾರಿ, ಮಳೆ ಮಾತ್ರ ನಾಲ್ಕು ಪಟ್ಟು.

ಮಿಲಿಮೀಟರ್ ಲೆಕ್ಕ ತಲೆಗೆ ಹತ್ತಲ್ಲ, ಅಲ್ವಾ? ಬೇರೆ ರೀತಿ ನೋಡಿ. ಸಾವಿರ ಚದರಡಿ ಮಾಡು ಇರೋ ಮನೆ ಅಂದುಕೊಳ್ಳಿ. 5,000 ಮಿ.ಮೀ. ಮಳೆ ಅಂದ್ರೆ ಆ ಮಾಡಿನ ಮೇಲೆ ಒಂದು ವರ್ಷಕ್ಕೆ ಬೀಳೋ ನೀರು ಸುಮಾರು ನಾಲ್ಕೂವರೆ ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಆದ್ರೆ ತೊಂಬತ್ತಕ್ಕೂ ಹೆಚ್ಚು ಟ್ಯಾಂಕರ್. ಅದೂ ಹನ್ನೆರಡು ತಿಂಗಳಲ್ಲಿ ಹಂಚಿ ಬೀಳಲ್ಲ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತೆ. ಇಲಾಖೆ ಒಂದು ದಿನಕ್ಕೆ 204.5 ಮಿ.ಮೀ. ದಾಟಿದರೆ ‘ಅತಿ ಅತಿ ಭಾರಿ ಮಳೆ’ ಅನ್ನುತ್ತೆ. ಅಂಥ ಒಂದು ದಿನ ನಿಮ್ಮ ಮಾಡಿನಿಂದ ಹತ್ತೊಂಬತ್ತು ಸಾವಿರ ಲೀಟರ್ ನೀರು ಇಳಿಯುತ್ತೆ. ಅದು ಎಲ್ಲಿಗೆ ಹೋಗುತ್ತೆ? ಜಾಗ ನೋಡೋಕೆ ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು. ವ್ಯೂ ಆಮೇಲೆ.

ಇಲ್ಲಿನ ಹಳೇ ಮನೆಗಳು ಈ ಪ್ರಶ್ನೆಗೆ ಉತ್ತರ ಕೊಟ್ಟುಕೊಂಡೇ ಕಟ್ಟಿದವು. ಕಡಿದಾದ ಹಂಚಿನ ಮಾಡು, ಗೋಡೆಯಿಂದ ತುಂಬಾ ಮುಂದೆ ಚಾಚಿದ ಸೂರು, ಎತ್ತರದ ಜಗಲಿ. ಮೇ ತಿಂಗಳಲ್ಲಿ ಮಣ್ಣಿನ ಗೋಡೆಗೆ ಸೋಗೆ, ಮಡ್ಲಿನ ತಟ್ಟಿ ಕಟ್ಟಿ ಮರೆ ಮಾಡೋರು, ಎರಚಲು ತಾಗಬಾರದು ಅಂತ. ಇವತ್ತಿನ ಚಪ್ಪಟೆ ಆರ್‌ಸಿಸಿ ಮಾಡು ಎರಡು ಮಳೆಗಾಲ ಕಳೆದ ಮೇಲೆ ಸೋರೋಕೆ ಶುರುವಾಗುತ್ತೆ, ಆಗ ಅದರ ಮೇಲೆ ಕಬ್ಬಿಣದ ಕೋಲು ನಿಲ್ಲಿಸಿ ತಗಡು ಹೊದಿಸ್ತಾರೆ. ಅಂದ್ರೆ ಒಂದು ಮನೆಗೆ ಎರಡು ಮಾಡಿನ ಖರ್ಚು. ಘಟ್ಟದಲ್ಲಿ ಮನೆ ಕಟ್ಟೋ ಅಂದಾಜು ಪಟ್ಟಿಯಲ್ಲಿ ಈ ಎರಡನೇ ಮಾಡು ಮೊದಲೇ ಇರಬೇಕು. ಬೂಷ್ಟು, ಒರಲೆ, ಮೂರು ದಿನ ಕರೆಂಟ್ ಇಲ್ಲದ್ದು, ಮರ ಬಿದ್ದು ರಸ್ತೆ ಬಂದ್ ಆದದ್ದು, ಇವನ್ನ ಊರಿನವರು ಅಪಾಯ ಅಂತ ಲೆಕ್ಕಕ್ಕೇ ಹಿಡಿಯಲ್ಲ. ಅದು ಅವರಿಗೆ ಮಳೆಗಾಲ, ಅಷ್ಟೇ.

ಹವಾಮಾನ ಬದಲಾವಣೆ ಇದರಲ್ಲಿ ಎಲ್ಲಿ ಬಂತು? ಒಟ್ಟು ಮಳೆ ವಿಪರೀತ ಹೆಚ್ಚಾಗಿದೆ ಅಂತಲ್ಲ. ಬೀಳೋ ರೀತಿ ಬದಲಾಗಿದೆ. ಅರಬ್ಬೀ ಸಮುದ್ರ ಬಿಸಿಯಾದಷ್ಟೂ ಗಾಳಿ ಹೆಚ್ಚು ತೇವ ಹೊತ್ತು ತರುತ್ತೆ, ಅದು ಒಂದೆರಡು ದಿನದಲ್ಲೇ ಸುರಿದುಬಿಡುತ್ತೆ. 2024ರ ಜುಲೈ 30ರ ವಯನಾಡ್ ದುರಂತದ ನಂತರ ವಿಜ್ಞಾನಿಗಳ ಅಂತರರಾಷ್ಟ್ರೀಯ ಗುಂಪೊಂದು ಲೆಕ್ಕ ಹಾಕಿ, ಆ ದಿನದ ಮಳೆಯ ಜೋರು ಹವಾಮಾನ ಬದಲಾವಣೆಯಿಂದ ಸುಮಾರು ಶೇ 10ರಷ್ಟು ಹೆಚ್ಚಿತ್ತು ಅಂದ್ರು. ಹತ್ತು ಅನ್ನೋದು ಕೇಳೋಕೆ ಸಣ್ಣದು. ತುಂಬಿದ ಕೊಡಕ್ಕೆ ಇನ್ನೊಂದು ಚೊಂಬು ಹಾಕಿದ ಹಾಗೆ ಅದು.

ಧರೆ ಯಾಕೆ ಕುಸಿಯುತ್ತೆ?

ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಇಡೀ ಸಂಚಿಕೆಯಲ್ಲಿ ಜೀವಕ್ಕೆ ಸಂಬಂಧಪಟ್ಟ ಭಾಗ ಇದು.

ನಮ್ಮ ಘಟ್ಟದ ಗುಡ್ಡ ಮೇಲಿಂದ ನೋಡಿದ್ರೆ ಗಟ್ಟಿ. ಮೇಲಿನ ಪದರ ಕೆಂಪು ಚಿರೆಕಲ್ಲು, ಅಂದ್ರೆ ಜಂಬಿಟ್ಟಿಗೆ. ಆದರೆ ಅದರ ತುಂಬ ತೂತು, ನೀರು ಸಲೀಸಾಗಿ ಒಳಗೆ ಇಳಿಯುತ್ತೆ. ಅದರ ಕೆಳಗೆ ಹಲವು ಕಡೆ ಮೆತ್ತಗಿನ ಬಿಳಿ-ಹಳದಿ ಜೇಡಿ ಇರುತ್ತೆ, ಕರಾವಳಿ ಕಡೆ ಶೇಡಿ ಮಣ್ಣು ಅಂತಾರೆ. ಒಣಗಿದಾಗ ಅದು ಗಟ್ಟಿ, ಗುದ್ದಲಿಗೆ ನೆಟ್ಟಗೆ ಕಡಿಯೋಕೆ ಬರುತ್ತೆ. ನೀರು ಕುಡಿದಾಗ ಮಾತ್ರ ಸೋಪಿನ ಹಾಗೆ. ಅದರಡಿ ಬಂಡೆ. ಮೇಲಿನಿಂದ ಇಳಿದ ನೀರು ಬಂಡೆ ದಾಟೋಕಾಗದೆ ಈ ಜೇಡಿಯಲ್ಲೇ ನಿಲ್ಲುತ್ತೆ. ಮೇಲಿರೋ ಚಿರೆಕಲ್ಲು, ಮರ, ಮನೆ ಎಲ್ಲದರ ಭಾರ ಸೋಪಿನ ಮೇಲೆ ಕೂತ ಹಾಗೆ ಆಗುತ್ತೆ.

ಇಷ್ಟಾದರೂ ಸಾವಿರಾರು ವರ್ಷ ಗುಡ್ಡ ನಿಂತಿದೆ. ಯಾಕೆ ಅಂದ್ರೆ ಅದರ ಬುಡ ಅದನ್ನ ತಡೆದು ಹಿಡಿದಿರುತ್ತೆ. ನಾವು ಜೆಸಿಬಿ ತಂದು ಆ ಬುಡವನ್ನೇ ಕಡಿದು ಸೈಟು ಸಮತಟ್ಟು ಮಾಡ್ತೀವಿ. ಹಿಂದೆ ಹದಿನೈದಡಿ ನೆಟ್ಟಗಿನ ಧರೆ, ಮುಂದೆ ಕಡಿದ ಮಣ್ಣನ್ನೇ ತುಂಬಿ ಮಾಡಿದ ಅಂಗಳ. ಫೋಟೋದಲ್ಲಿ ಬಹಳ ಚಂದ. ಆದರೆ ಹಿಂದಿನ ಧರೆಗೆ ಆಧಾರ ಇಲ್ಲ, ಮುಂದಿನ ತುಂಬಿದ ಮಣ್ಣಿಗೆ ಬಲ ಇಲ್ಲ. ಎರಡು ಅಪಾಯದ ನಡುವೆ ಮನೆ.

ಉತ್ತರ ಕನ್ನಡ ಇದನ್ನ ಕಣ್ಣಾರೆ ನೋಡಿದೆ. 2021ರ ಜುಲೈ ಮಳೆಗೆ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಜಾರಿ ಮನೆ, ಅಡಿಕೆ ತೋಟ, ರಸ್ತೆ ಹೋದವು. ಊರನ್ನೇ ಬೇರೆ ಕಡೆ ಕಳಿಸೋ ಮಾತು ವರ್ಷಗಟ್ಟಲೆ ಎಳೆಯಿತು. ಅದೇ ಜುಲೈ 23ರಂದು ಕ್ಯಾಸಲ್‌ರಾಕ್ ಕೆಳಗಿನ ದೂಧಸಾಗರ ಘಟ್ಟದಲ್ಲಿ ಹಳಿಯ ಮೇಲೆ ಮಣ್ಣು ಬಿದ್ದು ಮಂಗಳೂರು–ಮುಂಬೈ ರೈಲು ಹಳಿ ತಪ್ಪಿತು. ಆ ರೈಲು ಮಾಮೂಲಿಯಾಗಿ ಬರೋದು ಕೊಂಕಣ ದಾರಿಯಲ್ಲಿ, ಮಳೆಯಿಂದ ಆ ದಾರಿ ಬಂದ್ ಆಗಿ ಈ ಕಡೆ ತಿರುಗಿಸಿದ್ದರು. ಮಳೆಗೆ ಹೆದರಿ ಮತ್ತೊಂದು ಮಳೆಯ ಬಾಯಿಗೆ ಬಂದ ಹಾಗಾಯ್ತು. 2022ರ ಆಗಸ್ಟ್‌ನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಒಂದೇ ಮನೆಯ ಮೇಲೆ ಗುಡ್ಡ ಬಿದ್ದು ನಾಲ್ವರು ಸತ್ತರು. 2024ರ ಜುಲೈ 16ರಂದು ಅಂಕೋಲಾದ ಶಿರೂರು. ಹೆದ್ದಾರಿಗಾಗಿ ಕಡಿದ ಗುಡ್ಡ ಜಾರಿ ಹನ್ನೊಂದು ಜನ ಹೋದರು. ಅವರಲ್ಲಿ ಒಬ್ಬರು ಗುಡ್ಡದ ಕೆಳಗೇ ಇರಲಿಲ್ಲ. ಮಣ್ಣು ಗಂಗಾವಳಿ ನದಿಗೆ ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಬಡಿದಿತ್ತು. ‘ನಮ್ಮ ಜಾಗ ಗುಡ್ಡದಿಂದ ದೂರ ಇದೆ’ ಅನ್ನೋರು ಇದನ್ನ ನೆನಪಿಟ್ಟುಕೊಳ್ಳಿ.

ಜಾಗ ನೋಡೋಕೆ ಹೋದಾಗ ಏನು ಗಮನಿಸಬೇಕು? ಧರೆಯಲ್ಲಿ ಅಡ್ಡ ಬಿರುಕು ಇದೆಯಾ. ಮರಗಳು ಕೆಳಮುಖವಾಗಿ ಬಾಗಿ ಮತ್ತೆ ಮೇಲಕ್ಕೆ ತಿರುಗಿ ಬೆಳೆದಿವೆಯಾ. ಹಾಗಿದ್ರೆ ಮಣ್ಣು ನಿಧಾನಕ್ಕೆ ಜಾರ್ತಿದೆ ಅಂತ. ಬೇಸಿಗೆಯಲ್ಲೂ ಒರತೆ ಇದ್ರೆ ಮಾರೋರು ಅದನ್ನ ‘ನ್ಯಾಚುರಲ್ ವಾಟರ್’ ಅಂತ ತೋರಿಸ್ತಾರೆ, ಧರೆ ಬುಡದ ಒರತೆ ನನ್ನ ಲೆಕ್ಕದಲ್ಲಿ ಎಚ್ಚರಿಕೆಯ ಗಂಟೆ. ಮೇಲಿನ ಗುಡ್ಡದಲ್ಲಿ ಯಾರಾದ್ರೂ ಇಂಗುಗುಂಡಿ ಸಾಲಾಗಿ ತೋಡಿದಾರಾ, ಹೊಸ ರಸ್ತೆ ಕಡಿದಿದಾರಾ ಅಂತಾನೂ ನೋಡಿ. ನೀರು ಇಂಗಿಸೋದು ಒಳ್ಳೇದೇ, ಆದರೆ ಕಡಿದ ಧರೆಯ ನೆತ್ತಿಯ ಮೇಲಲ್ಲ. ಮನೆಯ ಗೋಡೆ ಧರೆಯಿಂದ ಕನಿಷ್ಠ ಧರೆಯ ಎತ್ತರದಷ್ಟಾದ್ರೂ ದೂರ ಇರಲಿ. ಧರೆಯ ಮೇಲ್ಭಾಗದಲ್ಲಿ ನೀರು ತಿರುಗಿಸೋ ಕಾಲುವೆ ಬೇಕು, ತಡೆಗೋಡೆ ಕಟ್ಟಿದ್ರೆ ಅದರಲ್ಲಿ ನೀರು ಹೊರಬರೋ ಪೈಪು ಬೇಕೇ ಬೇಕು. ಪೈಪು ಇಲ್ಲದ ತಡೆಗೋಡೆ ಅಣೆಕಟ್ಟಿದ್ದ ಹಾಗೆ, ಹಿಂದೆ ನೀರು ತುಂಬಿ ಒಂದು ದಿನ ಗೋಡೆ ಸಮೇತ ಬರುತ್ತೆ.

ಇದೆಲ್ಲ ಮೇ ತಿಂಗಳಲ್ಲಿ ಕಾಣಲ್ಲ. ಜಾಗವನ್ನ ಜುಲೈನಲ್ಲಿ ನೋಡಿ. ಮಾರೋರು ‘ಮಳೆ ಕಡಿಮೆ ಆಗ್ಲಿ, ಆಮೇಲೆ ಬನ್ನಿ’ ಅಂದ್ರೆ, ಜಾಸ್ತಿ ಇದ್ದಾಗಲೇ ಹೋಗಿ.

ಕಾಗದ ಇಲ್ಲದ ಮನೆ

ಇಲ್ಲಿವರೆಗೆ ಕೊಳ್ಳೋರ ಬಗ್ಗೆ ಮಾತಾಡಿದ್ವಿ. ಅಲ್ಲೇ ಇರೋರ ವಿಷಯ?

ಜೋಯಿಡಾದ ಕಾಡಿನ ಹಳ್ಳಿಗಳಲ್ಲಿ ಕುಣಬಿಗಳು, ಗೌಳಿಗಳು ತಲೆಮಾರುಗಳಿಂದ ಇದ್ದಾರೆ. ಮನೆ ಇದೆ, ಮನೆ ನಂಬರು ಇದೆ, ವೋಟು ಇದೆ, ಜಾಗದ ಹಕ್ಕುಪತ್ರ ಹಲವರಿಗೆ ಇಲ್ಲ. ಸರ್ಕಾರಿ ಭಾಷೆಯಲ್ಲಿ ಅದು ಅತಿಕ್ರಮಣ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ 2005ರ ಡಿಸೆಂಬರ್ 13ಕ್ಕೆ ಮುಂಚೆ ಕಾಡಿನಲ್ಲಿದ್ದ ಪರಿಶಿಷ್ಟ ಪಂಗಡದವರಿಗೆ ಹಕ್ಕು ಸಿಗುತ್ತೆ. ಬೇರೆಯವರಾದ್ರೆ ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದ್ರೆ 75 ವರ್ಷ, ಕಾಡನ್ನೇ ನಂಬಿ ಬದುಕಿದ್ದಕ್ಕೆ ಸಾಕ್ಷಿ ತೋರಿಸಬೇಕು. ಈಗ ಗಡಿ ನೋಡಿ: ಕ್ಯಾಸಲ್‌ರಾಕ್ ಕೆಳಗೆ ಗೋವಾದಲ್ಲಿರೋ ಕುಣಬಿಗಳು 2003ರಿಂದ ಪರಿಶಿಷ್ಟ ಪಂಗಡ. ಘಟ್ಟದ ಮೇಲೆ ಜೋಯಿಡಾದಲ್ಲಿರೋ ಕುಣಬಿಗಳು ಇನ್ನೂ ಆ ಪಟ್ಟಿಗಾಗಿ ಹೋರಾಡ್ತಾನೇ ಇದ್ದಾರೆ. ನಡುವೆ ಇರೋದು ಒಂದು ರಾಜ್ಯದ ಗೆರೆ. ಹಾಗಾಗಿ ಮೇಲಿನವರು ಮುಕ್ಕಾಲು ಶತಮಾನದ ದಾಖಲೆ ಹುಡುಕಬೇಕು. ಮಣ್ಣಿನ ಗೋಡೆ ಮನೆಯಲ್ಲಿ, ಆ ಮಳೆಯಲ್ಲಿ, 75 ವರ್ಷದ ಕಾಗದ ಉಳಿಯೋದು ಎಲ್ಲಿಂದ?

ಇದು ಹವಾಮಾನದ ಅಪಾಯಕ್ಕೆ ನೇರ ಸಂಬಂಧ. ಕಾಗದ ಇಲ್ಲ ಅಂದ್ರೆ ಬ್ಯಾಂಕ್ ಸಾಲ ಇಲ್ಲ, ಗಟ್ಟಿ ಮನೆ ಕಟ್ಟೋಕೆ ಆಗಲ್ಲ. ಮನೆ ಬಿದ್ರೆ ಪರಿಹಾರಕ್ಕೆ ‘ಅಧಿಕೃತ ಮನೆಯಾ?’ ಅನ್ನೋ ಪ್ರಶ್ನೆ. ಹಕ್ಕುಪತ್ರ ಸಿಕ್ಕಿದ್ರೂ ಆ ಜಾಗ ಮಕ್ಕಳಿಗೆ ಹೋಗುತ್ತೆ, ಮಾರೋ ಹಾಗಿಲ್ಲ. ಕಾಯ್ದೆಯ 4(4) ಕಲಂ ಅದನ್ನ ಸ್ಪಷ್ಟವಾಗಿ ಹೇಳುತ್ತೆ. ಯಾರಾದ್ರೂ ‘ಅರಣ್ಯ ಹಕ್ಕಿನ ಜಾಗ, ಅಗ್ಗಕ್ಕೆ ಕೊಡ್ತೀವಿ, ಬಾಂಡ್ ಪೇಪರ್ ಮೇಲೆ ಬರೆದುಕೊಡ್ತೀವಿ’ ಅಂದ್ರೆ ಕಿವಿಗೆ ಹಾಕ್ಕೋಬೇಡಿ. ಅದು ನಿಮಗೂ ಮೋಸ, ಆ ಕುಟುಂಬಕ್ಕೂ ಮೋಸ.

ಈ ತಾಲೂಕು ಒಂದು ಸಲ ಪೂರ್ತಿ ಊರನ್ನೇ ಕಳಕೊಂಡಿದೆ. ಕಾಳಿ ನದಿಗೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಬಂದಾಗ ತಾಲೂಕಿಗೆ ಹೆಸರು ಕೊಟ್ಟಿದ್ದ ಸೂಪಾ ಪೇಟೆ ಮುಳುಗಿತು, ಜನ ರಾಮನಗರಕ್ಕೆ ಬಂದರು. ಈಗ ಹುಲಿ ಸಂರಕ್ಷಿತ ಪ್ರದೇಶದಿಂದ ಸ್ವಇಚ್ಛೆಯಿಂದ ಹೊರಬರೋ ಕುಟುಂಬಕ್ಕೆ 15 ಲಕ್ಷ ರೂಪಾಯಿ ಪ್ಯಾಕೇಜ್ ಇದೆ, 2021ರವರೆಗೆ ಅದು 10 ಲಕ್ಷ ಇತ್ತು. ಆ ದುಡ್ಡಿಗೆ ಇವತ್ತು ರಸ್ತೆ ಪಕ್ಕದ ಊರಲ್ಲಿ ಜಾಗ ತಗೊಂಡು ಮನೆಯನ್ನೂ ಕಟ್ಟೋದು ಸುಲಭ ಅಲ್ಲ. ಹೋಮ್‌ಸ್ಟೇ ಬಂದು ಜಾಗದ ಬೆಲೆ ಏರಿದ್ದಕ್ಕೆ ಹೆಚ್ಚು ಪೆಟ್ಟು ತಿನ್ನೋರು ಕಾಡಿಂದ ಹೊರಗೆ ಬರಬೇಕಾದ ಇವರೇ.

ಮನೆ ಬಿದ್ರೆ ಯಾರು ಕೊಡ್ತಾರೆ?

ವಿಪತ್ತು ಪರಿಹಾರ ನಿಧಿಯ 2022–26ರ ನಿಯಮದ ಪ್ರಕಾರ ಪೂರ್ತಿ ಬಿದ್ದ ಮನೆಗೆ ಬಯಲು ಸೀಮೆಯಲ್ಲಿ 1.20 ಲಕ್ಷ, ಗುಡ್ಡಗಾಡಿನಲ್ಲಿ 1.30 ಲಕ್ಷ. ಭಾಗಶಃ ಹಾನಿಗೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂಪಾಯಿ. ರಾಜ್ಯ ಸರ್ಕಾರ ಇದಕ್ಕೆ ಮೇಲೆ ಸೇರಿಸಿದ್ದುಂಟು, 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತ್ತು. ಆದರೆ ಅದು ಆಯಾ ವರ್ಷದ ಆದೇಶ, ಹಕ್ಕಲ್ಲ.

ಹಾಗಾದ್ರೆ ವಿಮೆ? 2021ರ ಏಪ್ರಿಲ್‌ನಿಂದ ‘ಭಾರತ್ ಗೃಹ ರಕ್ಷಾ’ ಅನ್ನೋ ಒಂದೇ ಮಾದರಿಯ ಪಾಲಿಸಿಯನ್ನ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡಬೇಕು. ಬೆಂಕಿ, ನೆರೆ, ಬಿರುಗಾಳಿ ಜೊತೆ ಭೂಕುಸಿತವೂ ಅದರಲ್ಲಿದೆ. ಮನೆಯೊಳಗಿನ ಸಾಮಾನಿಗೆ ಕಟ್ಟಡದ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ತಾನಾಗೇ ಸೇರುತ್ತೆ. ಆದರೆ ಹೊಸ ಕಟ್ಟಡ ಮಾಮೂಲಿಯಾಗಿ ಕೂತು ಬಿಟ್ಟ ಬಿರುಕು, ತುಂಬಿದ ಮಣ್ಣು ಕುಗ್ಗಿದ್ದು, ಇವಕ್ಕೆ ಕೊಡಲ್ಲ. ಮೇಲೆ ಹೇಳಿದ ಆ ತುಂಬಿದ ಅಂಗಳ ನೆನಪಿದೆಯಲ್ಲ? ಪಾಲಿಸಿಯ ಆ ಸಾಲು ಓದಿ. ಫೋನಿಗೆ ಇನ್ಶೂರೆನ್ಸ್ ಮಾಡ್ಸೋ ನಾವು ಮನೆಗೆ ಮಾಡ್ಸಲ್ಲ, ಇದು ವಿಚಿತ್ರ. ಮತ್ತೆ, ದಾಖಲೆ ಇಲ್ಲದ ಮನೆಗೆ ಪಾಲಿಸಿ ಪಡೆಯೋದೂ ಕಷ್ಟವೇ, ಸುತ್ತಿ ಬಳಸಿ ಕಾಗದಕ್ಕೇ ಬಂತು. ಅಮೆರಿಕದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ: ಕ್ಯಾಲಿಫೋರ್ನಿಯಾದಲ್ಲಿ 2023ರ ಮೇ ತಿಂಗಳಲ್ಲಿ ಸ್ಟೇಟ್ ಫಾರ್ಮ್ ಕಂಪನಿ ಹೊಸ ಮನೆ ಪಾಲಿಸಿ ಕೊಡೋದನ್ನೇ ನಿಲ್ಲಿಸಿತು.

ಫೋನಲ್ಲೇ ಏನು ನೋಡಬಹುದು?

ದಿಶಾಂಕ್ ಆ್ಯಪ್ ಹಾಕ್ಕೊಳ್ಳಿ. ಜಾಗದಲ್ಲಿ ನಿಂತು ತೆರೆದ್ರೆ ಸರ್ವೆ ನಂಬರ್ ಬರುತ್ತೆ, ಹಳ್ಳ, ಕೆರೆ, ಅರಣ್ಯದ ಗುರುತೂ ಕಾಣುತ್ತೆ. ಆ ನಂಬರ್ ಹಿಡಿದು ಭೂಮಿ ಸೈಟಲ್ಲಿ ಪಹಣಿ, ಕಾವೇರಿಯಲ್ಲಿ ಋಣಭಾರ ಪತ್ರ ನೋಡಿ. ಪಂಚಾಯ್ತಿ ಸೈಟಾದ್ರೆ ಇ-ಸ್ವತ್ತಿನ ನಮೂನೆ 9, 11 ಬೇಕು. ಹುಡುಕಿದ ನಂಬರಿಗೂ ನಿಂತ ಜಾಗಕ್ಕೂ ತಾಳೆ ಆಗಬೇಕು. ಕಾಡಂಚಿನಲ್ಲಿ ಪಹಣಿ ಒಂದು ಕಡೆ, ಬೇಲಿ ಇನ್ನೊಂದು ಕಡೆ ಇರೋದುಂಟು.

ಭೂಕುಸಿತದ ಸಂಭವದ ನಕ್ಷೆಯನ್ನ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಮಾಡಿದೆ, ಅವರ ಭೂಕೋಶ್ ಸೈಟಲ್ಲಿ ಸಿಗುತ್ತೆ. 2024ರ ಜುಲೈನಲ್ಲಿ ‘ಭೂಸ್ಖಲನ್’ ಅನ್ನೋ ಆ್ಯಪ್ ಕೂಡ ಬಿಟ್ಟರು. ಆದರೆ ನಕ್ಷೆಯ ಅಳತೆ 1:50,000, ಒಂದು ಸೆಂಟಿಮೀಟರ್ ಅಂದ್ರೆ ಅರ್ಧ ಕಿಲೋಮೀಟರ್. ನಿಮ್ಮ ಐದು ಗುಂಟೆ ಆ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ಚುಕ್ಕೆ. ಗುಡ್ಡಕ್ಕೆ ಕೆಂಪು ಬಣ್ಣ ಇದ್ರೆ ಹುಷಾರಾಗಿ. ಹಸಿರು ಇದೆ ಅಂತ ನಿಮ್ಮ ಧರೆ ಗಟ್ಟಿ ಅಂತ ಅಲ್ಲ, ನಿನ್ನೆ ಬಂದ ಜೆಸಿಬಿ ನಕ್ಷೆಗೆ ಗೊತ್ತಿರಲ್ಲ.

ಕೊನೆಗೆ, ಬಹಳ ಜನ ಕೇಳೋ ಪ್ರಶ್ನೆ: ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಆದೇಶ ಬಂದ್ರೆ ನಮ್ಮ ಮನೆ ಹೋಗುತ್ತಾ? ಕೇಂದ್ರ 2024ರ ಜುಲೈ 31ರಂದು ಹೊರಡಿಸಿದ್ದು ಆರನೇ ಕರಡು, ಕರ್ನಾಟಕದ 20,668 ಚದರ ಕಿ.ಮೀ. ಅದರಲ್ಲಿದೆ. ರಾಜ್ಯ ಸಂಪುಟ ಅದೇ ಸೆಪ್ಟೆಂಬರ್‌ನಲ್ಲಿ ಬೇಡ ಅಂತು. ಕರಡಿನಲ್ಲಿ ನಿಷೇಧ ಇರೋದು ಗಣಿ, ಕಲ್ಲು ಕ್ವಾರಿ, ಕೆಂಪು ಪಟ್ಟಿಯ ಕೈಗಾರಿಕೆ, 20,000 ಚದರ ಮೀಟರ್ ಮೀರಿದ ಕಟ್ಟಡಗಳಿಗೆ. ಇರೋ ಮನೆ ದುರಸ್ತಿ, ವಿಸ್ತರಣೆ, ಜಾಗದ ಮಾಲೀಕತ್ವ ಬದಲಾವಣೆಗೆ ಅಡ್ಡಿ ಇಲ್ಲ ಅಂತ ಅದರಲ್ಲೇ ಬರೆದಿದೆ. ಭಾಷಣ ಕೇಳಿ ಹೆದರೋಕೆ ಮುಂಚೆ ಆ ಪುಟ ತೆಗೆದು ಓದಿ. ನಿಮ್ಮೂರಲ್ಲಿ ಧರೆ ಬಿರುಕು ಬಿಟ್ಟಿದ್ರೆ, ಹೊಸ ಒರತೆ ಎದ್ದಿದ್ರೆ ಫೋಟೋ ತೆಗೆದು ತಾರೀಕು ಸಮೇತ ಪಂಚಾಯ್ತಿಗೂ ತಹಶೀಲ್ದಾರರಿಗೂ ಬರಹದಲ್ಲಿ ಕೊಟ್ಟು, ಸ್ವೀಕೃತಿ ಇಟ್ಟುಕೊಳ್ಳಿ. ರಾತ್ರಿ ಮಳೆ ನಿಲ್ಲದೆ ಸುರೀತಿದ್ರೆ ಧರೆ ಕಡೆಗಿನ ಕೋಣೆಯಲ್ಲಿ ಮಲಗಬೇಡಿ.